ಪ್ರಥಮ ಪ್ರಯೋಗದ ತೀರ್ಪು

ಹೊಸತೊಂದು ನಾಟಕವು ಮೊದಲ ಸಲ ರಂಗವನ್ನೇರಿದ ದಿನ ಅದರ ಗುಣದೋಷಗಳನ್ನು ನಿರ್ಣಯಿಸುವ ಅಧಿಕಾರವು ಯಾರದು? ಶಾಸ್ತ್ರವನ್ನು ಬಲ್ಲ ವಿಮರ್ಶಕರದೋ, ಹಣಕೊಟ್ಟು ಬಂದು ನೋಡಿ ನಕ್ಕು ಅತ್ತು ಮನೆಗೆ ಹೋಗುವ ಸಭಿಕರದೋ? ಈ ಪ್ರಶ್ನೆಯು ಮೇಲ್ನೋಟಕ್ಕೆ ರಸಿಕರ ವಿನೋದಚರ್ಚೆಯಂತೆ ಕಂಡರೂ ವಾಸ್ತವವಾಗಿ ಧರ್ಮವಿಚಾರಕ್ಕೆ ಸೇರಿದುದು. ತೀರ್ಪೆಂಬುದು ಬರಿಯ ಅಭಿಪ್ರಾಯವಲ್ಲ, ಅದೊಂದು ಕರ್ಮ. ಕರ್ಮವಾದುದರಿಂದ ಅದಕ್ಕೆ ಫಲವುಂಟು. ಆ ಫಲವನ್ನು ಅನುಭವಿಸುವವರಾದರೋ ಬಹುಮಟ್ಟಿಗೆ ತೀರ್ಪು ಕೊಟ್ಟವರಲ್ಲ, ಬೇರೆಯವರು. ಒಬ್ಬರ ಲೇಖನಿಯ ಎರಡು ಪಂಕ್ತಿಗಳಿಂದ ಮತ್ತೊಬ್ಬರ ಹಲವು ವರ್ಷಗಳ ಶ್ರಮವು ಬೆಳಗಲೂ ಬಹುದು, ನಂದಲೂ ಬಹುದು. ಹೀಗಿರಲು ಈ ಅಧಿಕಾರದ ಸ್ವರೂಪವೇನು, ಅದರ ಎಲ್ಲೆಯೆಲ್ಲಿ ಎಂಬುದನ್ನು ಸಾವಧಾನವಾಗಿ ವಿಚಾರಿಸುವುದು ಯುಕ್ತ.

ವಿಚಾರಕ್ಕೆ ಒಂದು ದೃಷ್ಟಾಂತವು ಬೇಕು. ಲಂಡನ್ ನಗರದ ಬಾರ್ಬಿಕನ್ ರಂಗಮಂದಿರದಲ್ಲಿ ೧೯೮೫ನೆಯ ಇಸವಿ ಅಕ್ಟೋಬರ್ ೮ರಂದು ನಡೆದ ಪ್ರಸಂಗವು ಇದಕ್ಕೆ ಬಹಳ ತಕ್ಕುದಾಗಿದೆ. ಅಂದು ಅಲ್ಲಿ 'ಲೆ ಮಿಸೆರಾಬ್ಲ್' ಎಂಬ ಗೀತನಾಟಕವು ಆಂಗ್ಲ ಭಾಷೆಯಲ್ಲಿ ವಿಧ್ಯುಕ್ತವಾಗಿ ಆರಂಭವಾಯಿತು. ಫ್ರೆಂಚ್ ಮಹಾಕವಿ ವಿಕ್ಟರ್ ಹ್ಯೂಗೋ ೧೮೬೨ರಲ್ಲಿ ಪ್ರಕಟಿಸಿದ ಮಹಾಕಾದಂಬರಿಯೇ ಇದಕ್ಕೆ ಮೂಲ. ರೊಟ್ಟಿಯನ್ನು ಕದ್ದ ತಪ್ಪಿಗೆ ಸೆರೆಹೊಕ್ಕು, ತಪ್ಪಿಸಿಕೊಳ್ಳಲು ಯತ್ನಿಸಿದ ತಪ್ಪಿಗೆ ಮತ್ತೆ ಮತ್ತೆ ಶಿಕ್ಷೆಗೊಳಗಾಗಿ, ಒಟ್ಟು ಹತ್ತೊಂಬತ್ತು ವರ್ಷ ನಿಗಳವನ್ನು ಹೊತ್ತ ಜಾನ್ ವಾಲ್ಜಾನ್ ಎಂಬವನ ಕಥೆ ಅದು. ಇದಕ್ಕೆ ಸಂಗೀತವನ್ನು ಕೂಡಿಸಿದವರು ಕ್ಲೋದ್ ಮಿಶೆಲ್ ಶೋನ್‌ಬರ್ಗ್. ಗೀತರೂಪದ ಕಲ್ಪನೆಯು ಅಲೆನ್ ಬೂಬ್ಲಿಲ್ ಅವರದು. ೧೯೮೦ರಲ್ಲಿಯೇ ಇದರ ಫ್ರೆಂಚ್ ರೂಪವು ಪ್ಯಾರಿಸ್ಸಿನಲ್ಲಿ ಪ್ರಯೋಗವಾಗಿದ್ದಿತು. ಅದನ್ನು ಆಂಗ್ಲರಂಗಕ್ಕೆ ತಂದವರು ಕ್ಯಾಮೆರಾನ್ ಮ್ಯಾಕಿಂಟಾಷ್ ಎಂಬ ನಾಟಕೋದ್ಯಮಿಗಳೂ ರಾಯಲ್ ಷೇಕ್ಸ್‌ಪಿಯರ್ ಕಂಪೆನಿಯವರೂ ಜೊತೆಗೂಡಿ. ನಿರ್ದೇಶಕರು ಟ್ರೆವರ್ ನನ್ ಮತ್ತು ಜಾನ್ ಕೇರ್ಡ್. ಆಂಗ್ಲ ಗೀತೆಗಳನ್ನು ಬರೆದವರು ಹರ್ಬರ್ಟ್ ಕ್ರೆಟ್ಸ್‌ಮರ್. ನಾಟಕವು ಮೂರು ಗಂಟೆಗಳಿಗೂ ಮೀರಿದ ದೀರ್ಘಪ್ರಯೋಗವಾಗಿದ್ದಿತು.

ಅಂದಿನ ಸಭೆಯು ಕಣ್ಣೊರೆಸಿಕೊಂಡು ಬಹಳ ಹೊತ್ತು ಕರತಾಡನ ಮಾಡಿತು. ಮರುದಿನದ ಪತ್ರಿಕೆಗಳನ್ನು ಬಿಡಿಸಿ ನೋಡಿದರೆ ಬಹುಪಾಲು ವಿಮರ್ಶಕರು ನಾಟಕವನ್ನು ನಿರಾಕರಿಸಿದ್ದರು. ಮೆಚ್ಚಿದವರು ಇರಲಿಲ್ಲವೆಂದಲ್ಲ, ಅವರ ಸಂಖ್ಯೆ ಅಲ್ಪ. ನಾಟಕವನ್ನು ಬಾರ್ಬಿಕನ್ನಿನಿಂದ ನಗರಮಧ್ಯದ ಪ್ಯಾಲೆಸ್ ರಂಗಮಂದಿರಕ್ಕೆ ಒಯ್ಯಬೇಕೆ, ಅಲ್ಲಿಗೇ ಮುಗಿಸಬೇಕೆ ಎಂಬುದನ್ನು ಮ್ಯಾಕಿಂಟಾಷರು ಎರಡು ದಿನಗಳೊಳಗಾಗಿ ನಿಶ್ಚಯಿಸಬೇಕಾಗಿದ್ದಿತು. ಅವರು ಖಿನ್ನರಾಗಿ ಬಾರ್ಬಿಕನ್ನಿನ ಟಿಕೆಟು ಕಚೇರಿಗೆ ಫೋನುಮಾಡಿ ವಿಚಾರಿಸಲು, ಆ ದಿನವೊಂದರಲ್ಲಿಯೇ ೫,೦೦೦ ಟಿಕೆಟುಗಳು ಮಾರಾಟವಾಗಿವೆಯೆಂದು ಉತ್ತರ ಬಂದಿತೆಂದು ಅವರೇ ಮುಂದೆ ಹೇಳಿರುವರು. ಡಿಸೆಂಬರ್ ೪ರಂದು ನಾಟಕವು ಪ್ಯಾಲೆಸ್ ರಂಗಮಂದಿರವನ್ನು ಹೊಕ್ಕಿತು. ೧೯೮೭ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರಂಭವಾಗಿ ೨೦೦೩ರ ವರೆಗೆ ೬,೬೮೦ ಪ್ರಯೋಗಗಳನ್ನು ಕಂಡಿತು. ಲಂಡನ್ನಿನಲ್ಲಿ ಹಳೆಯ ರಂಗಸಜ್ಜೆಯು ೨೦೧೯ರಲ್ಲಿ ಮುಗಿದು ಹೊಸ ಸಜ್ಜೆಯು ಬಂದಿತು. ೨೦೨೫ಕ್ಕೆ ಆ ಮೊದಲ ಪ್ರಯೋಗಕ್ಕೆ ನಾಲ್ವತ್ತು ವರ್ಷ ತುಂಬಿದುವು.

ಈ ವೃತ್ತಾಂತವನ್ನು ಕೇಳಿದವರು ಥಟ್ಟನೆ ಒಂದು ನೀತಿಯನ್ನು ಹಿಡಿದುಕೊಳ್ಳುವುದುಂಟು: ಪಂಡಿತರು ಸೋತರು, ಜನ ಗೆದ್ದಿತು, ಆದುದರಿಂದ ವಿಮರ್ಶಕರ ಮಾತಿಗೆ ಬೆಲೆಯಿಲ್ಲ ಎಂದು. ಈ ನೀತಿಯು ಸುಲಭವಾದುದು. ಸುಲಭವಾದುದೆಂಬ ಕಾರಣದಿಂದಲೇ ಶಂಕಾಸ್ಪದವೂ ಆದುದು. ಅದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ಹ್ಯೂಗೋವಿನ ನಾಡಿನ ಚರಿತ್ರೆಯೇ ಸಾಕು.

೧೮೩೦ರ ಫೆಬ್ರವರಿ ೨೫ರಂದು ಪ್ಯಾರಿಸ್ಸಿನಲ್ಲಿ ಹ್ಯೂಗೋವಿನ 'ಎರ್ನಾನಿ' ನಾಟಕವು ಮೊದಲು ಪ್ರಯೋಗವಾಯಿತು. ಆ ಕಾಲದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಕೂಲಿಗೆ ಚಪ್ಪಾಳೆ ತಟ್ಟುವ ತಂಡಗಳಿರುತ್ತಿದ್ದುವು. ನಟರೂ ನಾಟಕಕಾರರೂ ಅವಕ್ಕೆ ಹಣ ತೆರುತ್ತಿದ್ದರು. ಹ್ಯೂಗೋ ಆ ಕೂಲಿಯ ಚಪ್ಪಾಳೆಯನ್ನು ಒಲ್ಲೆನೆಂದು, ತನ್ನ ಪಕ್ಷದ ತರುಣ ಕವಿಗಳನ್ನೂ ಚಿತ್ರಕಾರರನ್ನೂ ಕರೆಸಿ ಸಭೆಯಲ್ಲಿ ಕೂರಿಸಿದನು. ಹಳೆಯ ಸಂಪ್ರದಾಯದವರು ಒಂದೆಡೆ, ಹೊಸಬರು ಒಂದೆಡೆ. ಪ್ರಯೋಗ ಪ್ರಯೋಗಕ್ಕೂ ಸಿಳ್ಳು, ಕೂಗು, ಪ್ರತಿಕೂಗು. ಅಂದು ಸಭೆಯು ನಾಟಕವನ್ನು ನೋಡಿ ತೀರ್ಪು ಕೊಟ್ಟಿತೆನ್ನುವುದು ಹೇಗೆ? ಬಾಗಿಲೊಳಗೆ ಕಾಲಿಡುವ ಮುನ್ನವೇ ಉಭಯಪಕ್ಷದವರ ತೀರ್ಪೂ ಸಿದ್ಧವಾಗಿದ್ದಿತು. ಸಭೆಯ ಘೋಷವು ಗುಣಕ್ಕೆ ಪ್ರಮಾಣವೆಂಬ ಮಾತು ಇಲ್ಲಿ ಮುರಿದುಬೀಳುವುದು.

ಘೋಷವು ಪ್ರಮಾಣವಲ್ಲದಿದ್ದರೆ ಪ್ರಯೋಗಗಳ ಸಂಖ್ಯೆಯಾದರೂ ಪ್ರಮಾಣವಾಗಬಹುದೇ? ೧೮೩೬ರಲ್ಲಿ ಪ್ಯಾರಿಸ್ಸಿನ ಆಪೆರಾದಲ್ಲಿ ಮೊದಲು ಹಾಡಲ್ಪಟ್ಟ ಮೇಯರ್‌ಬೇರನ 'ಲೆ ಯೂಗೆನೊ' ಎಂಬ ಗೀತನಾಟಕವು ಆ ರಂಗದಲ್ಲಿ ಸಾವಿರ ಪ್ರಯೋಗಗಳನ್ನು ಪೂರೈಸಿದ ಮೊಟ್ಟಮೊದಲನೆಯದು. ಆ ಸಾವಿರ ತುಂಬಿದುದು ೧೯೦೬ರಲ್ಲಿ. ಇಂದು ಅದು ರಂಗವನ್ನೇರುವುದೇ ವಿರಳವಾಗಿದೆ. ಎಪ್ಪತ್ತು ವರ್ಷಗಳ ಜನಾದರವು ಕೂಡ ಶಾಶ್ವತಪದವಿಯನ್ನು ಕೊಡಲಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಜನವು ತಾನೇ ತಪ್ಪಿದ ಉದಾಹರಣೆಯೂ ಉಂಟು. ೧೮೭೫ರ ಮಾರ್ಚ್ ೩ರಂದು ಅದೇ ನಗರದಲ್ಲಿ ಬಿಜೆಯ 'ಕಾರ್ಮೆನ್' ಮೊದಲು ಪ್ರಯೋಗವಾದಾಗ ಅಂಕದಿಂದ ಅಂಕಕ್ಕೆ ಸಭೆಯ ಉತ್ಸಾಹವು ತಗ್ಗುತ್ತ ಹೋಗಿ ಕೊನೆಗೆ ಮೌನವೇ ಉಳಿಯಿತು. ಪತ್ರಿಕೆಗಳಲ್ಲಿ ಹಲವರು ಅದನ್ನು ಅನೀತಿಯ ಕಥೆಯೆಂದು ಜರೆದರು. ಮೂರು ತಿಂಗಳು ಕಳೆದು ಜೂನ್ ೩ರಂದು ಬಿಜೆ ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದೇ ವರ್ಷ ಅಕ್ಟೋಬರಿನಲ್ಲಿ ವಿಯೆನ್ನಾ ನಗರವು ಆ ಕೃತಿಯನ್ನು ಆದರದಿಂದ ಬರಮಾಡಿಕೊಂಡಿತು. ಆಮೇಲೆ ಲೋಕವೇ ಬರಮಾಡಿಕೊಂಡಿತು. ಈ ಪ್ರಸಂಗದಲ್ಲಿ ಪಂಡಿತರೂ ತಪ್ಪಿದರು, ಪಾಮರರೂ ತಪ್ಪಿದರು. ತಪ್ಪಿದುದರ ಸಾಲವನ್ನು ಇಬ್ಬರೂ ತೀರಿಸಲಾಗಲಿಲ್ಲ. ಸಾಲ ಕೊಟ್ಟವನು ಆಗಲೇ ಹೊರಟುಹೋಗಿದ್ದನು.

ಆದಕಾರಣ ಪಂಡಿತರು ದೊಡ್ಡವರೋ ಜನರು ದೊಡ್ಡವರೋ ಎಂಬ ಪ್ರಶ್ನೆಯ ರೂಪವೇ ಸರಿಯಲ್ಲವೆಂದು ತೋರುವುದು. ಸಭೆಯು ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ, ವಿಮರ್ಶಕನು ಇನ್ನೊಂದಕ್ಕೆ. ರಂಜಿಸಿತೇ ಎಂಬುದು ಮೊದಲನೆಯದು. ಒಳ್ಳೆಯದೇ ಎಂಬುದು ಎರಡನೆಯದು. ಇವೆರಡೂ ಒಂದೇ ಎನ್ನುವವನು ಸಂತೆಯ ಮಾರಾಟವನ್ನೇ ಸಾಹಿತ್ಯವೆಂದು ಎಣಿಸುವನು. ಇವೆರಡಕ್ಕೂ ಸಂಬಂಧವೇ ಇಲ್ಲವೆನ್ನುವವನಾದರೋ ನಾಟ್ಯವೆಂದರೇನೆಂಬುದನ್ನೇ ಮರೆತವನು. ಈ ಸಂಬಂಧವೆಂತಹುದೆಂಬುದನ್ನು ಭರತಮುನಿಯು ಬಹಳ ಹಿಂದೆಯೇ ಚಿಂತಿಸಿದ್ದಾನೆ.

ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ಕುರಿತದ್ದು. ಅಲ್ಲಿ ಸಿದ್ಧಿಯು ಎರಡು ಬಗೆ: ಮಾನುಷೀ, ದೈವೀ ಎಂದು. ಸಭಿಕರು ಮುಗುಳ್ನಗುವುದು, ಗಹಗಹಿಸುವುದು, ಸಾಧು ಎನ್ನುವುದು, ಅಹೋ ಎನ್ನುವುದು, ದುಃಖದೃಶ್ಯದಲ್ಲಿ ಕಷ್ಟವೆಂದು ಮರುಗುವುದು, ರೋಮಾಂಚಗೊಳ್ಳುವುದು, ಎದ್ದುನಿಲ್ಲುವುದು, ಮೈಮೇಲಿನ ವಸ್ತ್ರವನ್ನೂ ಬೆರಳಿನ ಉಂಗುರವನ್ನೂ ಕೊಟ್ಟುಬಿಡುವುದು, ಇವೆಲ್ಲ ಮಾನುಷೀಸಿದ್ಧಿಯ ಲಕ್ಷಣಗಳು. ರಂಗವು ತುಂಬಿದ್ದರೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ಉತ್ಪಾತವಿಲ್ಲದೆ ಸಭೆಯೆಲ್ಲ ನಿಶ್ಚಲವಾಗಿರುವುದು ದೈವೀಸಿದ್ಧಿ. ಭರತನು ಚಪ್ಪಾಳೆಯನ್ನು ಕೀಳೆಂದು ತಳ್ಳಲಿಲ್ಲ. ಅದರ ಒಂದೊಂದು ಬಗೆಯನ್ನೂ ಎಣಿಸಿ ಬರೆದನು. ಅದರ ಮೇಲೆ ಮೌನವನ್ನಿಟ್ಟನು. 'ಕಾರ್ಮೆನ್' ಸಭೆಯ ಮೌನವು ಉದಾಸೀನದ ಮೌನ; ಭರತನು ಹೇಳುವುದು ತನ್ಮಯತೆಯ ಮೌನ. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕೇಳಿಸುವುವು. ಯಾವುದು ಯಾವುದೆಂದು ತಿಳಿಯಲು ಸಭೆಯ ನಡುವೆ ಸಭಿಕನಾಗಿ ಕುಳಿತು ನೋಡಿದವನೇ ಬೇಕು.

ಅದೇ ಅಧ್ಯಾಯದಲ್ಲಿ ಪ್ರಾಶ್ನಿಕರೆಂಬ ಪರೀಕ್ಷಕರ ವಿಚಾರವೂ ಬರುವುದು. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವೈಯಾಕರಣ, ರಾಜ, ಬಿಲ್ಲೋಜ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ, ಹೀಗೆ ಹತ್ತು ಜನ. ಒಬ್ಬೊಬ್ಬರೂ ತಮಗೆ ತಿಳಿದ ಅಂಶವೊಂದನ್ನೇ ಪರೀಕ್ಷಿಸತಕ್ಕದ್ದು; ಬಾಣವನ್ನು ಹೂಡುವ ಭಂಗಿಯನ್ನು ವೈಯಾಕರಣನು ನಿರ್ಣಯಿಸತಕ್ಕದ್ದಲ್ಲ. ಇದರ ಹಿಂದಿರುವ ವಿನಯವನ್ನು ವಾಚಕರು ಗಮನಿಸಬೇಕು. ಪ್ರಯೋಗದ ಸಮಸ್ತವನ್ನೂ ಒಬ್ಬನೇ ತೂಗಬಲ್ಲನೆಂದು ಶಾಸ್ತ್ರವು ಒಪ್ಪಲಿಲ್ಲ. ತರುಣರಿಗೆ ಶೃಂಗಾರ, ಶೂರರಿಗೆ ರೌದ್ರ, ವೃದ್ಧರಿಗೆ ಧರ್ಮಕಥೆ ಪ್ರಿಯವೆಂದು ಸಭಿಕರ ಭೇದವನ್ನೂ ಹೇಳಿ, ಎಲ್ಲರಿಗೂ ಎಲ್ಲವೂ ರುಚಿಸದೆಂದು ಒಪ್ಪಿಕೊಂಡಿತು. ಮತ್ಸರದಿಂದಲೋ ದ್ವೇಷದಿಂದಲೋ ಪಕ್ಷಪಾತದಿಂದಲೋ ಪ್ರಯೋಗಕ್ಕೆ ಆಗುವ ಹಾನಿಯನ್ನು ಬೇರೆಯೇ ತೆಗೆದು, ಅದು ಪರರಿಂದ ಬಂದ ಘಾತವೇ ಹೊರತು ನಾಟಕದ ದೋಷವಲ್ಲವೆಂದಿತು.

ಈ ಅಳತೆಗೋಲನ್ನು ಹಿಡಿದು ೧೯೮೫ರ ಆಕ್ಷೇಪಗಳನ್ನು ನೋಡಿದರೆ ಅವು ಮೂರು ತೆರನಾಗಿ ಕಾಣುವುವು. ಸಾರ್ವಜನಿಕರ ಹಣದಿಂದ ಪೋಷಿತವಾಗುವ ಷೇಕ್ಸ್‌ಪಿಯರ್ ಕಂಪೆನಿಯು ಖಾಸಗಿ ಉದ್ಯಮಿಯೊಡನೆ ಸೇರಿ ಲಾಭದ ಗೀತನಾಟಕವನ್ನು ಆಡಿಸಬಹುದೇ ಎಂಬುದು ಒಂದು. ಮಹಾಕಾದಂಬರಿಯನ್ನು ಹಾಡುಗಳಾಗಿ ಕತ್ತರಿಸಿದರೆ ಅದರ ಗಾಂಭೀರ್ಯವು ಉಳಿಯುವುದೇ ಎಂಬುದು ಎರಡು. ಭಾವವು ಅತಿಯಾಯಿತು, ಅಳಿಸಬೇಕೆಂಬ ಯತ್ನವು ಕಣ್ಣಿಗೆ ಹೊಡೆಯುವಂತಿದೆ ಎಂಬುದು ಮೂರು. ಇವುಗಳಲ್ಲಿ ಮೊದಲನೆಯದು ಗಂಭೀರವಾದ ಪ್ರಶ್ನೆಯೇ ಸರಿ. ಆದರೆ ಅದು ಕಂಪೆನಿಯ ನಡತೆಯನ್ನು ಕುರಿತದ್ದು, ನಾಟಕವನ್ನು ಕುರಿತದ್ದಲ್ಲ. ಎರಡನೆಯದಕ್ಕೆ ಉತ್ತರವನ್ನು ನಾಟಕವನ್ನು ನೋಡಿಯೇ ಕಾಣಬೇಕು. ಮನೆಯಿಂದ ಹೊರಡುವಾಗಲೇ ಇಲ್ಲವೆಂದು ನಿಶ್ಚಯಿಸಿ ಬಂದವನಿಗೆ ನಾಟಕವು ಏನನ್ನೂ ತೋರಿಸಲಾರದು. ಅದೇ ಇಬ್ಬರು ನಿರ್ದೇಶಕರು ಅದೇ ಕಂಪೆನಿಯಲ್ಲಿ ೧೯೮೦ರಲ್ಲಿ ಡಿಕನ್ಸನ ಕಾದಂಬರಿಯೊಂದನ್ನು ರಂಗಕ್ಕೆ ತಂದು ಗೆದ್ದಿದ್ದರೆಂಬುದನ್ನು ನೆನೆದರೆ, ಕಾದಂಬರಿಯನ್ನು ನಾಟಕವಾಗಿಸುವುದೇ ಅಪರಾಧವೆನ್ನಲಾಗದು. ಮೂರನೆಯ ಆಕ್ಷೇಪವೊಂದೇ ಶುದ್ಧವಾದ ವಿಮರ್ಶೆ. ಅದಕ್ಕೆ ೫,೦೦೦ ಟಿಕೆಟುಗಳು ಉತ್ತರವಾಗಲಾರವು. ೬,೬೮೦ ಪ್ರಯೋಗಗಳೂ ಉತ್ತರವಾಗಲಾರವು.

ಹಾಗಾದರೆ ಸಭೆಯ ಕಣ್ಣೀರಿಗೆ ಬೆಲೆಯೇನು? ಅಭಿನವಗುಪ್ತಪಾದರ ಮತದಲ್ಲಿ ರಸವು ನೆಲಸುವುದು ಸಹೃದಯನಾದ ಸಾಮಾಜಿಕನಲ್ಲಿ. ಈ ಮಾತನ್ನು ಒಪ್ಪಿದರೆ, ಸಭೆಯಲ್ಲಿ ಏನಾಯಿತೆಂಬುದು ನಾಟಕದ ಹೊರಗಿನ ಸಂಗತಿಯಲ್ಲ. ನಾಟಕವು ಪೂರ್ಣವಾಗುವ ಸ್ಥಳವೇ ಅದು. ಪಾಕವನ್ನು ಪರೀಕ್ಷಿಸಲು ಹೋದವನು ಉಂಡವರ ಮುಖವನ್ನು ನೋಡದೆ ಪಾತ್ರೆಯನ್ನು ಮಾತ್ರ ನೋಡಿ ಬಂದರೆ ಅವನ ವರದಿಯು ಅರ್ಧವೇ ಆದೀತು. ಆದರೆ ಅದೇ ಆಚಾರ್ಯರು ಕಣ್ಣೀರೆಲ್ಲವೂ ರಸವೆಂದು ಹೇಳಲಿಲ್ಲ. ತನ್ನ ಮಗುವನ್ನು ಕಳೆದುಕೊಂಡ ತಾಯಿ ರಂಗದಲ್ಲಿ ಮಗುವೊಂದು ಸಾಯುವುದನ್ನು ಕಂಡು ಅತ್ತರೆ ಅದು ಅವಳ ಸ್ವಂತದುಃಖವು ಕೆರಳಿದುದು. ಅದಕ್ಕೆ ಕವಿಯು ಬೇಕಾಗಿರಲಿಲ್ಲ. ತನ್ನದು ಪರರದು ಎಂಬ ಭೇದವು ಕರಗಿ, ದುಃಖವು ಸರ್ವಸಾಧಾರಣವಾಗಿ ತೋರಿ, ಆ ತೋರಿಕೆಯಲ್ಲಿ ಚಿತ್ತವು ವಿಶ್ರಾಂತಿಯನ್ನು ಪಡೆದರೆ ಅದು ರಸ. ಬಾರ್ಬಿಕನ್ನಿನ ಸಭೆಯಲ್ಲಿ ಇವೆರಡೂ ಇದ್ದಿರಬೇಕು. ಎಲ್ಲ ಸಭೆಗಳಲ್ಲಿಯೂ ಇರುವುವು. ಒಂದನ್ನು ಇನ್ನೊಂದರಿಂದ ವಿಂಗಡಿಸುವುದೇ ವಿಮರ್ಶಕನ ಕೆಲಸ. ಅತ್ತವರನ್ನು ಹಂಗಿಸುವುದು ಆ ಕೆಲಸದ ಭಾಗವಲ್ಲ. ಜನರ ಕಣ್ಣೀರನ್ನು ಕಂಡು ಅಲ್ಲಿ ಸಂತೆಯೇ ನೆರೆದಿದೆಯೆಂದು ತಿಳಿದವನು ಪಾಂಡಿತ್ಯವನ್ನು ಗಳಿಸಿದ್ದರೂ ಸಹೃದಯತೆಯನ್ನು ಕಳೆದುಕೊಂಡಿರುವನು.

ಇಲ್ಲಿ ವಿಮರ್ಶಕರ ಪಕ್ಷದಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಕಂಡುದನ್ನು ಕಂಡಂತೆ ಬರೆದು ತಪ್ಪಿದವನಿಗೂ, ಕಂಡುದನ್ನು ಮರೆಸಿ ಹೊಗಳಿ ಸರಿಯೆನಿಸಿಕೊಂಡವನಿಗೂ ಬಹಳ ಅಂತರವುಂಟು. ೧೮೬೨ರಲ್ಲಿ ಹ್ಯೂಗೋವಿನ ಕಾದಂಬರಿಯು ಹೊರಬಂದಾಗ ಪ್ಯಾರಿಸ್ಸಿನ ಜನ ಅದಕ್ಕೆ ಮುಗಿಬಿದ್ದರು. ಫ್ಲೋಬೇರ್ ಮೊದಲಾದ ಸಾಹಿತಿಗಳು ಅದನ್ನು ಮೆಚ್ಚಲಿಲ್ಲ. ಬೊದಲೇರ್ ಕವಿಯು ಪತ್ರಿಕೆಯಲ್ಲಿ ಅದನ್ನು ಶ್ಲಾಘಿಸಿ ಬರೆದು, ಅದೇ ವರ್ಷ ತಾಯಿಗೆ ಬರೆದ ಕಾಗದದಲ್ಲಿ ಅದು ಹೇಯವಾದ ಪುಸ್ತಕವೆಂದು ಹಳಿದನು. ಅವನು ಪತ್ರಿಕೆಯಲ್ಲಿ ಹೇಳಿದುದು ಲೋಕದ ಮತದೊಡನೆ ಹೊಂದಿಕೊಂಡಿತು. ಆದರೂ ಅದನ್ನು ವಿಮರ್ಶೆಯೆನ್ನಲು ಮನಸ್ಸು ಹಿಂಜರಿಯುವುದು. ೧೮೬೨ರ ಆ ಹೊಗಳಿಕೆಗಿಂತ ೧೯೮೫ರ ತೆಗಳಿಕೆಯೇ ಧರ್ಮಕ್ಕೆ ಹತ್ತಿರ. ಪ್ರಾಮಾಣಿಕವಾದ ತಪ್ಪನ್ನು ಮತ್ತೊಬ್ಬನು ತಿದ್ದಬಹುದು. ಅಪ್ರಾಮಾಣಿಕವಾದ ಒಪ್ಪನ್ನು ತಿದ್ದುವುದು ಹೇಗೆ? ನಾಟಕವು ಹಣ ಗಳಿಸಿತೆಂಬ ಕಾರಣಕ್ಕೆ ವಿಮರ್ಶಕನು ತನ್ನ ಮಾತನ್ನು ಹಿಂತೆಗೆದುಕೊಳ್ಳಬೇಕಾಗಿಯೂ ಇಲ್ಲ. ಮತ್ತೊಮ್ಮೆ ನೋಡಿ, ಮೊದಲು ಕಾಣದುದನ್ನು ಈಗ ಕಂಡೆನೆನ್ನುವುದಾದರೆ ಮಾತ್ರ ಹಿಂತೆಗೆದುಕೊಳ್ಳತಕ್ಕದ್ದು.

ಪ್ರಾಮಾಣಿಕತೆಯೊಂದೇ ಸಾಕೇ? ಸಾಲದು. ಮೊದಲ ದಿನದ ವಿಮರ್ಶೆಗೆ ಸಹಜವಾದ ಒಂದು ದೌರ್ಬಲ್ಯವುಂಟು: ಅದಕ್ಕೆ ಕಾಲವಿಲ್ಲ. ತೆರೆಬಿದ್ದ ಮೇಲೆ ಅಚ್ಚಿನ ಮನೆಯು ಕಾಯದು. ಮೂರು ಗಂಟೆಗಳ ಗಾನವು ಕಿವಿಯಲ್ಲಿ ಇನ್ನೂ ಮೊರೆಯುತ್ತಿರುವಾಗಲೇ ಲೇಖನಿಯು ಓಡಬೇಕು. ಹೊಸ ಸಂಗೀತವು ಒಂದೇ ಸಲಕ್ಕೆ ಒಲಿಯುವುದು ಅಪರೂಪ. ಎರಡನೆಯ ಸಲ ಕೇಳಿದಾಗಲೇ ಕಿವಿಗೆ ಅದರ ದಾರಿಯು ತಿಳಿಯುವುದು. ಹಳೆಯದೆಂದ ಮಾತ್ರಕ್ಕೆ ಒಳ್ಳೆಯದಲ್ಲ, ಹೊಸತೆಂದ ಮಾತ್ರಕ್ಕೆ ಕೆಟ್ಟುದಲ್ಲವೆಂದು ಮಾಳವಿಕಾಗ್ನಿಮಿತ್ರದ ಸೂತ್ರಧಾರನು ಹೇಳುವುದು ಎಲ್ಲರಿಗೂ ತಿಳಿದ ವಿಷಯ. ಕಾಳಿದಾಸನೇ ಹೊಸಬನಾಗಿ ಸಭೆಯ ಮುಂದೆ ನಿಂತ ಒಂದು ದಿನವಿದ್ದಿತೆಂಬುದನ್ನು ಆ ಮಾತು ನೆನಪಿಗೆ ತರುವುದು. ಶಾಕುಂತಲದಲ್ಲಿ ಆತನ ಸೂತ್ರಧಾರನು ವಿದ್ವಾಂಸರಿಗೆ ಪರಿತೋಷವಾಗುವ ತನಕ ತನ್ನ ಪ್ರಯೋಗವು ಚೆನ್ನಾಯಿತೆಂದು ನಂಬೆನೆನ್ನುವನು. ವಿದ್ವಾಂಸರಾದವರು ಆ ಮಾತಿನಿಂದ ಹಿಗ್ಗುವ ಮುನ್ನ ತಮ್ಮ ಮೇಲೆ ಬಿದ್ದ ಭಾರವನ್ನು ನೋಡಿಕೊಳ್ಳಬೇಕು. ಕಲಾವಿದನೊಬ್ಬನು ಇಷ್ಟು ನಂಬಿಕೆಯಿಂದ ತನ್ನ ಕೊರಳನ್ನು ಒಡ್ಡಿರುವಾಗ ಆತುರದಿಂದ ಕತ್ತಿಯನ್ನೆತ್ತುವುದು ವಿದ್ವತ್ತೆನಿಸದು.

ಮತ್ತೊಂದು ಸಂಗತಿಯನ್ನೂ ಆಲೋಚಿಸಬೇಕು. 'ಲೆ ಮಿಸೆರಾಬ್ಲ್' ಉಳಿದುದರಿಂದ ಅದರ ಕಥೆಯನ್ನು ಲೋಕವು ಹೇಳುತ್ತಿದೆ. 'ಕಾರ್ಮೆನ್' ಉಳಿಯಿತು, ಅದರ ಕಥೆಯೂ ಕೇಳಿಬರುತ್ತದೆ. ಉಳಿಯದೆ ಹೋದವುಗಳ ಕಥೆಯನ್ನು ಹೇಳುವವರಾರು? ಟಿಕೆಟು ಕಚೇರಿಯಲ್ಲಿ ಅಂದು ಫೋನು ಮೊಳಗದೆ ಇದ್ದಿದ್ದರೆ, ಅಥವಾ ಉದ್ಯಮಿಯು ವಿಚಾರಿಸದೆಯೇ ಪತ್ರಿಕೆಗಳನ್ನು ನಂಬಿಬಿಟ್ಟಿದ್ದರೆ, ಈ ನಾಟಕವೂ ಕೆಲವು ವಾರಗಳಲ್ಲಿ ಮುಗಿದು ಮರೆತುಹೋಗುತ್ತಿದ್ದಿತು. ವಿಮರ್ಶಕರು ಸರಿಯಾಗಿಯೇ ಹೇಳಿದ್ದರೆಂದು ಎಲ್ಲರೂ ತಿಳಿಯುತ್ತಿದ್ದರು. ಕಾಲವೇ ಕೊನೆಯ ನ್ಯಾಯಾಧಿಪತಿಯೆಂದು ಹೇಳುವುದು ವಾಡಿಕೆ. ಕಾಲವು ಅವಧಿಯಿಲ್ಲದುದು, ಪೃಥ್ವಿಯು ವಿಸ್ತಾರವಾದುದು, ಎಂದಾದರೊಂದು ದಿನ ಸಮಾನಹೃದಯನು ಹುಟ್ಟುವನೆಂದು ಭವಭೂತಿಯು ಸಮಾಧಾನ ಮಾಡಿಕೊಂಡನು. ಕಾವ್ಯಕ್ಕೆ ಆ ಸಮಾಧಾನವು ಸಲ್ಲುವುದು; ತಾಳೆಗರಿಯು ನೂರು ವರ್ಷ ಕಾದೀತು. ಪ್ರಯೋಗವು ಕಾಯಲಾರದು. ನಟರು ಚದುರುವರು, ಬಣ್ಣ ಅಳಿಸಿಹೋಗುವುದು, ರಂಗವು ಬೇರೆಯವರಿಗೆ ಸಲ್ಲುವುದು. ಎರಡನೆಯ ದಿನವು ದೊರೆತ ನಾಟಕಕ್ಕೆ ಮಾತ್ರ ಕಾಲದ ನ್ಯಾಯವು ದೊರೆಯುವುದು.

ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಎಲ್ಲ ಪ್ರಯೋಗಗಳಿಗೂ ಮೊದಲಿನ ಪ್ರಯೋಗದ ಕಥೆಯಿದೆ. ಇಂದ್ರಧ್ವಜದ ಉತ್ಸವದಲ್ಲಿ ದೇವತೆಗಳ ವಿಜಯವನ್ನು ಆಡಿ ತೋರಿಸಿದಾಗ ದೇವತೆಗಳು ಹರ್ಷಿಸಿ ಉಡುಗೊರೆಗಳನ್ನಿತ್ತರು. ಸೋತ ದೈತ್ಯರು ಕೆರಳಿ, ವಿಘ್ನರೊಡಗೂಡಿ ನಟರ ಮಾತನ್ನೂ ಚೇಷ್ಟೆಯನ್ನೂ ಸ್ಮೃತಿಯನ್ನೂ ಸ್ತಂಭನ ಮಾಡಿದರು. ಇಂದ್ರನು ಧ್ವಜದಂಡದಿಂದ ಅವರನ್ನು ಜರ್ಜರಗೊಳಿಸಿದನು. ರಕ್ಷಣೆಗಾಗಿ ನಾಟ್ಯಮಂಟಪವೂ ಎದ್ದಿತು. ಅಷ್ಟಕ್ಕೆ ವಿಷಯವು ಮುಗಿಯಲಿಲ್ಲ. ಬ್ರಹ್ಮನು ದೈತ್ಯರನ್ನು ಸಾಮದಿಂದ ಮಾತನಾಡಿಸಿ, ನಾಟ್ಯವು ದೇವತೆಗಳದೂ ಅಲ್ಲ, ದೈತ್ಯರದೂ ಅಲ್ಲ, ಮೂರು ಲೋಕದ ಭಾವಗಳ ಅನುಕೀರ್ತನವೆಂದು ತಿಳಿಸಿ ಹೇಳಿದನು. ಮೊದಲ ಪ್ರಯೋಗದಲ್ಲಿಯೇ ಸಭೆಯು ಒಡೆದಿದ್ದಿತು. ಒಡಕಿಗೆ ದಂಡವೂ ಪರಿಹಾರವಾಗಲಿಲ್ಲ, ಗೋಡೆಯೂ ಪರಿಹಾರವಾಗಲಿಲ್ಲ, ವಿವರಣೆಯು ಬೇಕಾಯಿತು. ಆಕ್ಷೇಪಿಸಿದವರಿಗೂ ಒಂದು ಉತ್ತರವು ಸಲ್ಲಬೇಕೆಂಬ ನ್ಯಾಯವನ್ನು ಪಿತಾಮಹನೇ ಹಾಕಿಕೊಟ್ಟನು.

ಇದೇ ನ್ಯಾಯವು ವಿಮರ್ಶಕನಿಗೂ ಅನ್ವಯಿಸುವುದು. ದೋಷವನ್ನು ಹೇಳುವುದು ಅವನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಅಹುದು. ಯಾವ ದೋಷ, ಎಲ್ಲಿ, ಏತರಿಂದ ಎಂದು ವಿವರಿಸಿದರೆ ನಾಟಕಕಾರನೂ ತಿದ್ದಿಕೊಂಡಾನು, ಸಭಿಕನೂ ಹೋಗಿ ನೋಡಿ ತೂಗಿಯಾನು. ಇದು ನೋಡತಕ್ಕದ್ದೇ ಅಲ್ಲವೆಂದು ಬಾಗಿಲನ್ನು ಮುಚ್ಚುವುದು ಬೇರೆ ಮಾತು. ಅದು ಪರೀಕ್ಷೆಯಲ್ಲ, ಶಿಕ್ಷೆ. ಅದೂ ಒಂದು ಸಂಜೆಯ ವಿಚಾರಣೆಯ ಮೇಲೆ ಕೊಟ್ಟ ಶಿಕ್ಷೆ.

ಹ್ಯೂಗೋವಿನ ಕಥೆಯಲ್ಲಿ ವಾಲ್ಜಾನನನ್ನು ಬೆನ್ನಟ್ಟುವ ಜಾವೇರ್ ಎಂಬ ಅಧಿಕಾರಿಯು ದುಷ್ಟನಲ್ಲ, ಲಂಚಕೋರನಲ್ಲ, ಅತ್ಯಂತ ಪ್ರಾಮಾಣಿಕನು. ಒಮ್ಮೆ ಕೊಟ್ಟ ತೀರ್ಪು ಎಂದಿಗೂ ಬದಲಾಗಲಾರದೆಂದು ನಂಬಿದುದೇ ಅವನ ಕೊರತೆ. ಅದೇ ಕಥೆಯ ಬಿಷಪ್ಪನಾದರೋ ತನ್ನ ಮನೆಯ ಬಾಗಿಲಿಗೆ ಅಗಣಿಯನ್ನೇ ಹಾಕಿಸದವನು. ಆ ಬಾಗಿಲನ್ನು ತಳ್ಳಿಕೊಂಡು ಒಳಬಂದವನು ಬೆಳ್ಳಿಯನ್ನು ಕದ್ದನೆಂಬುದೂ ನಿಜ. ಮುಂದೆ ಹಲವರನ್ನು ಕಾಪಾಡಿದನೆಂಬುದೂ ನಿಜ. ಹೊಸ ಕೃತಿಗೆ ಬಾಗಿಲನ್ನು ತೆರೆದಿಟ್ಟವರಿಗೆ ಕೆಲವು ಸಲ ಬೆಳ್ಳಿಯು ಹೋಗುವುದುಂಟು. ಅಯೋಗ್ಯವಾದ ನಾಟಕಗಳನ್ನು ನೋಡಿ ಕೆಲವು ಸಂಜೆಗಳು ವ್ಯರ್ಥವಾಗುವುದುಂಟು. ಮುಚ್ಚಿದವರಿಗೆ ಹೋದುದೇನೆಂಬುದು ಅವರಿಗೆ ಎಂದಿಗೂ ತಿಳಿಯದು.